ಏಳನೇ ಹಾಳೆಯ ಮೌನ

"ನಲವತ್ತು ಹಾಳೇಲಿ ಒಂದೇ ಒಂದು ಕದ್ದಿದಾರೆ, ಫಯೀನಾ ಜಖಾರೊವ್ನಾ! ಗುರುಗಳು ನೋಡಿದ್ರೆ 'ಹೋಗ್ಲಿ ಬಿಡು' ಅಂತಾರೆ!" ಎನ್ನುತ್ತ ಗ್ಲೆಬ್ ಒಳಗೆ ನುಗ್ಗಿದ.

ಲೆನಿನ್‌ಗ್ರಾಡಿನ ಸಂಗೀತಗಾರರ ವಸತಿಗೃಹಕ್ಕೆ ಫಯೀನಾ ಮೇಲ್ವಿಚಾರಕಿ, ಮೊದಲು ತನಿಖಾಧಿಕಾರಿಯಾಗಿದ್ದವರು. ನಾನು ಅಲ್ಲಿನ ಪಿಯಾನೋಗಳಿಗೆ ಶ್ರುತಿ ಕೂಡಿಸುವವನು, ಅವರ ಚಹಾದ ಜೊತೆಗಾರ.

ಗ್ಲೆಬ್‌ನ ಗುರು ಇನ್ನೊಕೆಂತಿ ಪಾವ್ಲೊವಿಚ್ ಹೆಸರಾಂತ ಸಂಯೋಜಕರು. ಅವರ ಎಪ್ಪತ್ತನೇ ಹುಟ್ಟುಹಬ್ಬಕ್ಕೆಂದು ನಾಲ್ಕು ವಾದ್ಯಗಳಿಗೆಂದು ಬರೆದ ಹಳೆಯ ಕ್ವಾರ್ಟೆಟ್ಟಿನ ಕರಡನ್ನು ಪ್ರದರ್ಶನಕ್ಕಿಡಲು ಗ್ಲೆಬ್ ಹೊರಟಿದ್ದ. ಅದರ ಏಳನೇ ಹಾಳೆ ಮಾಯವಾಗಿತ್ತು. ಆ ಕೃತಿಗೆ ಮೊದಲು ಇನ್ನೊಕೆಂತಿಯವರ ಸಂಗೀತ ಕಾರ್ಖಾನೆಯಂತೆ ಅಬ್ಬರಿಸುತ್ತಿತ್ತು. ಆ ಕ್ವಾರ್ಟೆಟ್ಟಿನ ನಡುವಿನ ಅರ್ಧ ನಿಮಿಷದ ಮೌನದಿಂದಾಚೆಗೆ ಅವರು ಬರೆದದ್ದೆಲ್ಲ ಮೆಲುದನಿಯದು. ವಿಮರ್ಶಕರು ಆ ಮೌನವನ್ನು ಕೊಂಡಾಡಿ ದಣಿದಿರಲಿಲ್ಲ.

ಕರಡು ಇಟ್ಟಿದ್ದ ಕಪಾಟಿನ ಕೀಲಿ ಇದ್ದದ್ದು ಇಬ್ಬರ ಬಳಿ: ಇನ್ನೊಕೆಂತಿ, ಮತ್ತು ಅವರ ಸ್ವರಲಿಪಿಯನ್ನು ನಕಲು ಮಾಡುವ ರಿಮ್ಮಾ ಯೆಗೊರೊವ್ನಾ. ಕರಡು ಇನ್ನೊಕೆಂತಿಯವರ ಕಪ್ಪು ಶಾಯಿಯಲ್ಲಿ, ಶುದ್ಧಪ್ರತಿ ಈಕೆಯ ನೇರಳೆ ಶಾಯಿಯಲ್ಲಿ. ಫಯೀನಾ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಸಂಜೆ ಎಲ್ಲರನ್ನೂ ಅಡುಗೆಮನೆಯ ಮೇಜಿಗೆ ಕರೆದರು.

"ಮಾರೋ ಕಳ್ಳ ಇಡೀ ಕಟ್ಟು ಒಯ್ತಿದ್ದ. ಕರಡಿನ ಆರನೇ ಹಾಳೆಯ ಕೊನೇ ಸ್ವರದಿಂದ, ಸ್ವರಗಳನ್ನ ಜೋಡಿಸೋ ಕಮಾನುಗೆರೆ ಹೊರಟಿದೆ, ಅಂದ್ರೆ ಸಂಗೀತ ಮುಂದಿನ ಹಾಳೆಗೆ ಹರೀಬೇಕು. ಆದ್ರೆ ಶುದ್ಧಪ್ರತೀಲಿ ಅಲ್ಲಿ ಬರೀ ಮೌನ. ನಕಲು ಮಾಡುವಾಗ ಆ ಹಾಳೆ ಬಿಟ್ಟುಹೋಗಿದೆ. ಅದನ್ನ ಪ್ರದರ್ಶನಕ್ಕಿಟ್ರೆ ಆ ತಪ್ಪು ಬಯಲಾಗ್ತಿತ್ತು. ಇನ್ನೊಕೆಂತಿ ಪಾವ್ಲೊವಿಚ್ ಆಗಿದ್ರೆ 'ಪ್ರದರ್ಶನ ಬೇಡ' ಅಂದ್ರೆ ಸಾಕಿತ್ತು, ಕದಿಯಬೇಕಿರಲಿಲ್ಲ. ಉಳಿದವರು ನೀವು, ರಿಮ್ಮಾ ಯೆಗೊರೊವ್ನಾ."

ರಿಮ್ಮಾ ತಮ್ಮ ಚೀಲವನ್ನು ಮಡಿಲಿಗೆ ಎಳೆದುಕೊಂಡರು. "ಅವತ್ತು ಅಮ್ಮ ಆಸ್ಪತ್ರೇಲಿದ್ರು. ಆಮೇಲೆ ತುಂಬ್ಸೋಣ ಅಂತ ಖಾಲಿ ಬಿಟ್ಟೆ, ಮರೆತೇಹೋಯ್ತು. ಜನ ಎದ್ದುನಿಂತು ಚಪ್ಪಾಳೆ ಹೊಡೆದ್ರು. ಆಮೇಲೆ ಹೇಗೆ ಹೇಳ್ಲಿ? ಇವರ ಸಂಗೀತನ ನಾನೇ ಹಾಳು ಮಾಡ್ದೆ ಅಂತ ಇಪ್ಪತ್ತೆರಡು ವರ್ಷ ಒಳಗೇ ಬೆಂದೆ."

"ಇನ್ನೂ ಒಂದಿದೆ," ಎಂದರು ಫಯೀನಾ. "ಶುದ್ಧಪ್ರತೀಲಿ ಆ ಖಾಲಿ ಜಾಗದಲ್ಲಿ ಮೌನ ಸೂಚಿಸೋ ವಿರಾಮ ಚಿಹ್ನೆಗಳು ನೇರಳೆ ಅಲ್ಲ, ಕಪ್ಪು."

ಎಲ್ಲರೂ ಇನ್ನೊಕೆಂತಿಯವರತ್ತ ತಿರುಗಿದೆವು.

"ಮೊದಲ ಅಭ್ಯಾಸದ ದಿನಾನೇ ಗೊತ್ತಾಯ್ತು," ಎಂದರು ಅವರು ತಲೆ ಎತ್ತದೆ. "ನಾನು ಬರೆದದ್ದಕ್ಕಿಂತ ಆ ಮೌನ ಚೆನ್ನಾಗಿತ್ತು, ರಿಮ್ಮಾ. ಚಿಹ್ನೆ ಹಾಕಿ ನನ್ನದು ಮಾಡ್ಕೊಂಡೆ."

"ಅಷ್ಟು ವರ್ಷ ನಿಮ್ಮ ಮುಖ ನೋಡಿ ಮಾತಾಡೋಕೆ ಆಗ್ಲಿಲ್ಲ ನಂಗೆ. ನಿಮಗದು ಕಾಣಲಿಲ್ವಾ?"

"ಕಂಡಿತ್ತು."

ರಿಮ್ಮಾ ಚೀಲದಿಂದ ಹಾಳೆ ತೆಗೆದು ಮೇಜಿನ ಮೇಲಿಟ್ಟು, ಕೋಟು ತೊಟ್ಟು ಹೊರಟುಹೋದರು.

ಹುಟ್ಟುಹಬ್ಬದ ದಿನ ಏಳನೇ ಹಾಳೆಯೂ ಪ್ರದರ್ಶನದಲ್ಲಿತ್ತು. ನಡೆದದ್ದನ್ನೆಲ್ಲ ಇನ್ನೊಕೆಂತಿಯವರೇ ಸಭೆಯ ಮುಂದೆ ಹೇಳಿದರು. ಹೇಳುತ್ತ ಮತ್ತೆ ಮತ್ತೆ ಬಾಗಿಲ ಕಡೆ ನೋಡಿದರು. ರಿಮ್ಮಾ ಬರಲಿಲ್ಲ.