ಕಾಚಿಗೂಡದ ಕೋಣೆಯಲ್ಲಿ ರಟ್ಟಿನ ರೈಲು

ಬಾಗಿಲು ತೆರೆದವನ ಕೈಯಲ್ಲಿ ಆಟದ ರೈಲಿನ ಎಂಜಿನ್ ಇತ್ತು.

ಸಂಯುಕ್ತಾ ಅದನ್ನೇ ನೋಡುತ್ತ ನಿಂತುಬಿಟ್ಟಳು. ಬೇಸಿಗೆಯಲ್ಲಿ ಅವಳ ಅಣ್ಣ ಗಗನ ಹಳಿ ದಾಟುವಾಗ ಅವನ ಮೇಲೆ ಹರಿದ ರೈಲನ್ನು ಓಡಿಸುತ್ತಿದ್ದವನು ಇವನೇ. ಭೀಮಾಶಂಕರ. ಕಲಬುರಗಿ ಕಡೆಯವನು, ಕಾಚಿಗೂಡದ ಹಳೇ ವಠಾರದಲ್ಲಿ ಒಬ್ಬನೇ ಇದ್ದಾನೆಂದು ತಿಳಿದು, ಮಾದಾಪುರದ ಆಫೀಸಿಗೆ ರಜೆ ಹಾಕಿ ಬಂದಿದ್ದಳು.

ಅವನ ಹಿಂದೆ ನೆಲದ ತುಂಬ ಪುಟ್ಟ ಹಳಿಗಳು, ರಟ್ಟಿನ ಬೋಗಿಗಳು, ಐಸ್‌ಕ್ರೀಮ್ ಕಡ್ಡಿಗಳ ನಿಲ್ದಾಣ.

ನನ್ನಣ್ಣ ಮಣ್ಣಾಗಿದ್ದಾನೆ... ಇವನು ರೈಲಾಟ ಆಡುತ್ತಿದ್ದಾನೆ.

“ನಾ ಗಗನನ ತಂಗಿ,” ಎಂದಳು. ಅವನ ಮುಖ ಬಿಳಿಚಿತು.

“ಒಂದು ಮಾತು ಕೇಳಾಕ ಬಂದಿದ್ದೆ. ಈಗ ಬ್ಯಾಡ. ನೀವು ಆಟಾ ಆಡ್ರಿ.”

ಮೆಟ್ಟಿಲಿಳಿದು ಹೋಗಿಬಿಟ್ಟಳು.

ಆದರೆ ಕೇಳದೆ ಉಳಿದ ಮಾತು ಅವಳನ್ನು ಬದುಕಗೊಡಲಿಲ್ಲ. ಕೆಲಸ ಹೋಗಿದ್ದಕ್ಕೆ ಗಗನ ತಾನಾಗಿಯೇ ರೈಲಿಗೆ ಬಿದ್ದ ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ಮೆಹದಿಪಟ್ಟಣಂನ ಮನೆಯಲ್ಲಿ ತಾಯಿ ವಿಶಾಲಾಕ್ಷಿ, ನನಗೊಂದು ಮಾತು ಹೇಳಬಾರದಿತ್ತೇ ಎಂದು ಮಗನ ಫೋಟೋವನ್ನು ಕೇಳುತ್ತ, ಊಟವನ್ನೇ ಬಿಟ್ಟಿದ್ದಳು. ಆ ಕ್ಷಣವನ್ನು ಕಂಡವನು ಭೀಮಾಶಂಕರನೊಬ್ಬನೇ.

ಮುಂದಿನ ಭಾನುವಾರ ಸಂಯುಕ್ತಾ ಮತ್ತೆ ಹೋದಳು.

ಅವನು ನೀರು ಕೊಟ್ಟು ಕೂರಿಸಿದ. ಅಂದಿನಿಂದ ಎಂಜಿನ್ ಹತ್ತಲು ಹೋದರೆ ಕೈ ನಡುಗುತ್ತದೆ, ಅದಕ್ಕೇ ಕಚೇರಿ ಕೆಲಸಕ್ಕೆ ಹಾಕಿದ್ದಾರೆ ಎಂದ. ಕೈಗೆ ಏನಾದರೂ ಕೆಲಸ ಕೊಡು ಎಂದಿದ್ದರಂತೆ ಡಾಕ್ಟರು. ಹುಡುಗನಾಗಿದ್ದಾಗ ಬೆಂಕಿಪೊಟ್ಟಣಗಳಲ್ಲಿ ರೈಲು ಮಾಡುತ್ತಿದ್ದುದು ನೆನಪಾಯಿತು. ಅಂಗಡಿಯ ವಿದೇಶಿ ಸೆಟ್ಟುಗಳು ಕೈಗೆಟುಕುವಂತಿರಲಿಲ್ಲ. ಹಳೇ ಸಾಮಾನಿನ ಸಂತೆಯಲ್ಲಿ ಮುರಿದ ಆಟಿಕೆ ಆರಿಸಿದ, ಕೆಟ್ಟ ಸಿಡಿ ಪ್ಲೇಯರಿನ ಮೋಟಾರು ಬಿಚ್ಚಿದ. ಎಲ್ಲ ಜೋಡಿಸಿಯಾದ ಮೇಲೆ ಸ್ವಿಚ್ ಒತ್ತಲು ಮಾತ್ರ ಧೈರ್ಯ ಬಂದಿರಲಿಲ್ಲ.

ಆಟವಲ್ಲ ಇದು... ಸಂಯುಕ್ತಾಳಿಗೆ ನಾಚಿಕೆಯಾಯಿತು.

“ನಮ್ಮಣ್ಣ ತಾನಾಗೇ ಬಂದು ಬಿದ್ದನೇನ್ರಿ?”

“ಇಲ್ರಿ.” ಅವನು ತಲೆ ಎತ್ತಲಿಲ್ಲ. “ಕಿವ್ಯಾಗ ಇಯರ್‌ಫೋನ್ ಇತ್ತು. ಹಾರ್ನ್ ತಡಾಗಿ ಕೇಳಿಸ್ತು, ತಿರುಗಿ ನೋಡಿದ್ರು, ಓಡಿದ್ರು. ಕಾಲು ಜಾರಿತು. ಬದುಕಾಕ ಓಡಾಕತ್ತಿದ್ರು ರೀ... ನಾ ಬ್ರೇಕ್ ಹಾಕಿದ್ದೆ. ಗಾಡಿ ನಿಲ್ಲಲಿಲ್ಲ.”

ಅಣ್ಣ ಸತ್ತ ಮೇಲೆ ಸಂಯುಕ್ತಾ ಮೊದಲ ಸಲ ಬಾಯಿಬಿಟ್ಟು ಅತ್ತಳು. ಅವನೂ ಅತ್ತ.

ವಿಷಯ ಕೇಳಿದ ದಿನ ವಿಶಾಲಾಕ್ಷಿ ತಟ್ಟೆಯ ಮುಂದೆ ಕೂತು ಉಂಡಳು. ಆದರೆ ಮಗಳು ಭಾನುವಾರ ಭಾನುವಾರ ಅದೇ ಮನೆಗೆ ಹೋಗುವುದು ತಿಳಿದಾಗ ಮಾತು ಬಿಟ್ಟಳು.

ಸಂಯುಕ್ತಾ ಹೋಗುವುದನ್ನು ಬಿಡಲಿಲ್ಲ. ಅವನು ಸಂತೆಯಲ್ಲಿ ಹಿಂದಿಯಲ್ಲಿ ಚೌಕಾಸಿ ಮಾಡಿ ತಂದ ಗಾಲಿಗಳನ್ನು ಕೂಡಿಸುವಾಗ ಅವಳು ಬೋಗಿಗಳಿಗೆ ಬಣ್ಣ ಬಳಿಯುತ್ತಿದ್ದಳು. ಒಂದು ಮಧ್ಯಾಹ್ನ ಇಬ್ಬರೂ ಸೇರಿ ಸ್ವಿಚ್ ಒತ್ತಿದರು. ರೈಲು ಕುಂಟುತ್ತ ಹೊರಟಿತು. ಅವನ ಬೆವೆತ ಕೈ ಅವಳ ಕೈಯಲ್ಲಿತ್ತು. ಇಬ್ಬರೂ ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಅವನು ಫೋನ್ ಎತ್ತುವುದನ್ನು ನಿಲ್ಲಿಸಿದ.

ನನ್ನ ದುಃಖ ಇವನಿಗೆ ಸಾಕಾಯಿತೇ? ತಡೆಯಲಾರದೆ ಹೋದಳು. ಅವನು ಹಳಿಗಳನ್ನು ಕಿತ್ತು ಪೆಟ್ಟಿಗೆಗೆ ತುಂಬುತ್ತಿದ್ದ. ವಾಡಿ ಜಂಕ್ಷನ್ನಿಗೆ ವರ್ಗ ಕೇಳಿ ಪಡೆದಿದ್ದನಂತೆ. ವಿಶಾಲಾಕ್ಷಿ ಫೋನ್ ಮಾಡಿ, ಮಗ ಹೋದ, ಮಗಳನ್ನಾದರೂ ಬಿಡು ಎಂದು ಬೇಡಿಕೊಂಡಿದ್ದಳು.

“ಅವರ ಮಾತು ಖರೇ ಐತ್ರಿ. ನನ್ನ ಮುಖ ನೋಡಿದಾಗೆಲ್ಲ ನಿಮಗ ಅಣ್ಣ ನೆನಪಾಗ್ತಾನ.”

“ನೋಡದಿದ್ರೂ ನೆನಪಾಗ್ತಾನ. ಆವಾಗ ಒಬ್ಬಾಕಿನೇ ಅಳ್ತೀನಿ, ಅಷ್ಟ.”

ಅವನ ಕೈ ಪೆಟ್ಟಿಗೆಯ ಮೇಲೆ ನಿಂತಿತು. “ಅಮ್ಮ ಒಪ್ಪೂದಿಲ್ರಿ.”

“ಭಾಳ ದಿನ ಒಪ್ಪೂದಿಲ್ಲ. ಎಂದೂ ಒಪ್ಪದೇ ಇರಬಹುದು. ನೀವು ಬ್ಯಾಡ ಅಂದ್ರ ಈಗ ಹೋಗ್ತೀನಿ.”

ಹೊರಗೆ ನಿಲ್ದಾಣದ ಕಡೆಯಿಂದ ಹಾರ್ನ್ ಕೇಳಿಸಿತು. ಅವನ ಭುಜ ಅದುರಿತು. ಅವಳು ಪಕ್ಕದಲ್ಲಿ ಕೂತು ಆ ಭುಜದ ಮೇಲೆ ಕೈಯಿಟ್ಟಳು.

“ಹೋಗಬ್ಯಾಡ್ರಿ,” ಎಂದ.

“ಹಂಗಾದ್ರ ‘ರೀ’ ಬಿಡ್ರಿ.”

ಅವನು ಅವಳತ್ತ ತಿರುಗಿದ. ಕಣ್ಣುಗಳು ತುಂಬಿದ್ದವು.

“ಹೋಗಬ್ಯಾಡ, ಸಂಯುಕ್ತಾ.”