ಅರವತ್ತೆರಡು ಸೆಂಟಿಮೀಟರ್

2024ರ ನವೆಂಬರ್ 12, ಮಂಗಳವಾರ, ಬೆಳಗ್ಗೆ 7 ಗಂಟೆ 40 ನಿಮಿಷ.

ಗೌನಿಪಲ್ಲಿಯ ಮಾವಿನ ತೋಪಿಗೆ ಕಾಲಿಟ್ಟ ಶ್ರೀವಾಣಿ ಅಲ್ಲೇ ನಿಂತುಬಿಟ್ಟಳು.

ಕೊಳವೆಬಾವಿಯ ಪಕ್ಕ ಅವನು ಕೂತಿದ್ದ. ಬೆನ್ನು ಈ ಕಡೆಗಿತ್ತು. ಆದರೂ ಗುರುತು ಸಿಕ್ಕಿತು... ಬೈಕಿನ ಹಿಂದಿನ ಸೀಟಿನಿಂದ ಒಂದೂವರೆ ವರ್ಷ ಅವಳು ನೋಡಿದ್ದು ಆ ಬೆನ್ನನ್ನೇ ಅಲ್ಲವೇ!

‘ಬಂದಿದ್ದಾನೆ... ನಿಜವಾಗಿಯೂ ಬಂದಿದ್ದಾನೆ!’

ಒಣಗೆಲೆಯ ಸದ್ದಿಗೆ ನಂದೀಶ್ ಎದ್ದು ತಿರುಗಿದ.

"ನಮಸ್ಕಾರ ಮೇಡಂ."

ಮೇಡಂ! ಆ ಒಂದು ಪದ ಅವಳ ಎದೆಗೆ ಚುಚ್ಚಿತು. ಇದೇ ಬಾಯಿ ಒಂದು ಕಾಲಕ್ಕೆ ‘ವಾಣಿ’ ಎಂದು ಕರೆಯುತ್ತಿತ್ತು.

"ನಿಮ್ಮ ಮೆಸೇಜ್ ಬಂತು. ಸ್ಕೂಲಿಗೆ ಒಂದು ಸಿ.ಎಲ್. ಹಾಕಿ ಬಂದಿದ್ದೀನಿ. ಏನ್ ವಿಷ್ಯ?"

ಅವನೀಗ ಮಾಲೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವಳು ಇನ್ನೂ ಕೋಲಾರದ ಅಂತರ್ಜಲ ಕಚೇರಿಯಲ್ಲೇ ಇದ್ದಾಳೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದಳು. ಈಗ ಒಂದು ಮಾತೂ ನೆನಪಾಗಲಿಲ್ಲ.

ನೆನಪಾದದ್ದು ಸೀಮೆಸುಣ್ಣ.

ಆಗ ಇಬ್ಬರೂ ಗುತ್ತಿಗೆ ನೌಕರರು. ಕೆಲಸ ಒಂದೇ, ತಿಂಗಳಿಗೊಮ್ಮೆ ಬಾವಿಗಳಲ್ಲಿ ನೀರು ಎಷ್ಟು ಆಳದಲ್ಲಿದೆ ಎಂದು ಅಳೆಯುವುದು. ಕಚೇರಿಯ ಮೀಟರ್ ಬ್ಯಾಟರಿ ಸದಾ ಸತ್ತಿರುತ್ತಿತ್ತು. ನಂದೀಶ್ ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಸವರಿ ಕೆಳಗೆ ಬಿಡುತ್ತಿದ್ದ. ನೀರು ಮುಟ್ಟಿದಷ್ಟು ಸುಣ್ಣದ ಬಣ್ಣ ಗಾಢವಾಗುತ್ತಿತ್ತು. ಅವನು ಮೇಲೆಳೆಯುತ್ತಿದ್ದ, ಅವಳು ಓದುತ್ತಿದ್ದಳು. ಅವನ ಅಂಗಿಯ ಜೇಬು ಯಾವಾಗಲೂ ಬೆಳ್ಳಗೆ! ಆವನಿಯ ಬಾವಿ ಮುಗಿಸಿ ಮುಳಬಾಗಿಲಿನಲ್ಲಿ ದೋಸೆ ತಿನ್ನುವಾಗ ಅವಳ ತಟ್ಟೆಯ ಅಂಚಿಗೂ ಆ ಸುಣ್ಣ ಅಂಟಿರುತ್ತಿತ್ತು.

ಆಮೇಲೆ ಕೆಲಸ ಹಂಚಿದರು. ಅವಳಿಗೆ ಮುಳಬಾಗಿಲು, ಅವನಿಗೆ ಶ್ರೀನಿವಾಸಪುರ.

2018ರ ಮೇ ತಿಂಗಳು. ಒಬ್ಬರ ಅಳತೆಯನ್ನು ಇನ್ನೊಬ್ಬರು ಪರೀಕ್ಷಿಸುವ ತಪಾಸಣೆಗೆಂದು ಅವಳು ಮೊದಲ ಸಲ ಈ ಬಾವಿಗೆ ಬಂದಳು. ಅವಳ ಅಳತೆ 48.72 ಮೀಟರ್. ಹಿಂದಿನ ದಿನ ನಂದೀಶ್ ಬರೆದದ್ದು 48.10. ಸುತ್ತ ಎಲ್ಲೂ ಪಂಪಿಲ್ಲ. ಒಂದೇ ದಿನದಲ್ಲಿ ಇಷ್ಟು ಇಳಿಯಲು ಸಾಧ್ಯವೇ ಇಲ್ಲ. ಅವನ ತಾಯಿ ಆಗ ಆಸ್ಪತ್ರೆಯಲ್ಲಿದ್ದರು. ‘ಬಾವಿಗೆ ಬರದೆ ಅಲ್ಲೇ ಕೂತು ಬರೆದಿದ್ದಾನೆ’ ಎಂದು ಅವಳಿಗೆ ಖಚಿತವಾಯಿತು.

ರಿಜಿಸ್ಟರಿನ ಅಂಚಿನಲ್ಲಿ ಕೆಂಪು ಶಾಯಿಯಿಂದ ಬರೆದಳು: ‘ಸ್ಥಳಕ್ಕೆ ಹೋಗದೆ ನಮೂದಿಸಿದ ಅಂಕಿ.’

ಅವನು ಅದನ್ನು ಓದಿದ. ಮರುವಾರ ಕೆಲಸ ಬಿಟ್ಟ...

"ಮೇಡಂ?"

ಶ್ರೀವಾಣಿ ಚೀಲದಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದಳು. ನಂದೀಶನ ಕಣ್ಣುಗಳು ಅರಳಿದವು.

"ಇದು... ನಂದು!"

"ಹಳೇ ರಿಜಿಸ್ಟರೆಲ್ಲ ಕಂಪ್ಯೂಟರಿಗೆ ಏರಿಸ್ತಾ ಇದ್ದೀವಿ. ನಿಮ್ಮ ಡ್ರಾಯರ್‌ನಲ್ಲಿ ಸಿಕ್ತು."

ಅವಳು ಓದಿದಳು. "‘ಗೌನಿಪಲ್ಲಿ. ತೋಪಿನವರು ಪೈಪಿಗೆ ಹೊಸ ತುಂಡು ಬೆಸೆದಿದ್ದಾರೆ. ನೆಲದಿಂದ ಎತ್ತರ 0.62. ಕಳೆಯಬೇಕು...’"

ಮುಂದಿನ ಸಾಲು ಓದಲು ಅವಳಿಂದಾಗಲಿಲ್ಲ. ಅವನೇ ಹೇಳಿದ, ಮೆಲ್ಲಗೆ.

"‘ವಾಣಿಗೆ ಹೇಳಬೇಕು.’"

ನೀರಿನ ಆಳವನ್ನು ನೆಲಮಟ್ಟದಿಂದ ಬರೆಯಬೇಕು, ಪೈಪಿನ ಬಾಯಿಂದಲ್ಲ. ಅವಳಿಗೆ ಗೊತ್ತಿದ್ದ ನಿಯಮವೇ! ಆದರೆ ರಿಜಿಸ್ಟರಿನಲ್ಲಿ ಪೈಪಿನ ಎತ್ತರ ‘ಸೊನ್ನೆ’ ಎಂದಿತ್ತು. ಅವಳ 48.72ರಲ್ಲಿ 0.62 ಕಳೆದರೆ ಸರಿಯಾಗಿ ಅವನ 48.10.

"ಕಣ್ಣೆದುರಿದ್ದ ಪೈಪ್ ಬಿಟ್ಟು ಕಾಗದ ನಂಬಿದೆ, ನಂದೀಶ್. ಆ 0.62 ಗೊತ್ತಿದ್ದದ್ದು ಇಲ್ಲಿಗೆ ಬಂದಿದ್ದೋರಿಗೆ ಮಾತ್ರ. ನೀವು ಬಂದಿದ್ರಿ ಅನ್ನೋದಕ್ಕೆ ಅದೇ ಸಾಕ್ಷಿ! ನಾನು ಅದನ್ನೇ ಹಿಡ್ಕೊಂಡು..."

"ಅವತ್ತು ಅಮ್ಮನ್ನ ವಾರ್ಡಲ್ಲಿ ಬಿಟ್ಟು ಬಸ್ ಹತ್ತಿದ್ದೆ." ಅವನು ಪೈಪನ್ನೇ ನೋಡುತ್ತಿದ್ದ. "ಎತ್ತರ ತಿದ್ದೋದು ಮರ್ತಿದ್ದು ನನ್ನ ತಪ್ಪು."

"ಒಂದು ಮಾತು ಹೇಳಬಹುದಿತ್ತಲ್ಲ!"

"ಬೇರೆ ಯಾರಾದ್ರೂ ಬರೆದಿದ್ರೆ ಜಗಳ ಆಡ್ತಿದ್ದೆ. ನೀನೇ ಬರೆದ್ಮೇಲೆ... ಯಾರಿಗೆ ಏನ್ ಹೇಳ್ಲಿ ವಾಣಿ?"

ವಾಣಿ! ಅವಳ ಕಣ್ಣುಗಳು ತುಂಬಿದವು.

ಅಷ್ಟರಲ್ಲಿ ತೋಪಿನ ಯಜಮಾನ ಸುಬ್ಬರಾಯಪ್ಪ ಕೋಲೂರಿಕೊಂಡು ಬಂದರು.

"ರಾಮ್ಮಾ, ರಾ, ಬಾರಮ್ಮ! ಏನ್ ಮೇಷ್ಟ್ರೇ, ಈ ಸಲ ಬೇಗ ಬಂದ್ಬಿಟ್ರಿ? ಪ್ರತಿ ವರ್ಷ ಹೂ ಬಿಡೋ ಟೈಮಿಗಲ್ವಾ ನೀವು ಬರೋದು?"

"ಅಯ್ಯೋ ತಾತ, ಸುಮ್ನಿರಿ..."

"ಯಾಕ್ ಸುಮ್ನಿರ್ಲಿ? ನೋಡಮ್ಮ, ಈಯಪ್ಪ ಒಂದು ಮಾವಿನಕಾಯಿ ಕೇಳಲ್ಲ. ಆ ಪೈಪಿನೊಳಗೆ ಬಗ್ತಾನೆ, ಬರ್ಕಂತಾನೆ, ಹೋಗ್ತಾನೆ. ಮದ್ವೆ ಆಗಪ್ಪ ಅಂದ್ರೆ ಹಲ್ಲು ಕಿರೀತಾನೆ. ಪಿಚ್ಚಿ, ಹುಚ್ಚು ಹಿಡಿದದೆ ಅಂದ್ಕಂಡಿದ್ದೆ!"

ತಾತ ನಗುತ್ತಾ ಎಳನೀರು ಕೆಡವಿಸಲು ಹೊರಟರು.

ಶ್ರೀವಾಣಿ ಅವನನ್ನೇ ನೋಡಿದಳು. "ಆರು ವರ್ಷ... ಯಾಕೆ?"

"ನಾನು ಬರಲಿಲ್ಲ ಅಂದ್ಯಲ್ಲ," ಅವನು ಸಣ್ಣಗೆ ನಕ್ಕ. "ಅದಕ್ಕೇ ಬರ್ತಾ ಇದ್ದೆ."

ಅವಳು ಹಳೆಯ ರಿಜಿಸ್ಟರ್ ಬಿಚ್ಚಿದಳು. ಕೆಂಪು ಸಾಲು ಇನ್ನೂ ಮಾಸಿರಲಿಲ್ಲ. ವೈಟ್ನರ್ ಹಚ್ಚಲಿಲ್ಲ. ತಪ್ಪನ್ನು ಅಳಿಸಬಾರದು, ಒಂದೇ ಗೆರೆ ಎಳೆಯಬೇಕು, ಕೆಳಗಿದ್ದದ್ದು ಓದಲು ಬರಬೇಕು. ಅವನೇ ಕಲಿಸಿದ್ದ ಪಾಠ. ಗೆರೆ ಎಳೆದಳು, ಪಕ್ಕದಲ್ಲಿ ಬರೆದಳು: ‘ನನ್ನ ತಪ್ಪು. ಶ್ರೀವಾಣಿ.’

"ಇದು ಯಾವಾಗ್ಲೂ ಕಾಣ್ತಾ ಇರುತ್ತೆ, ನಂದೀಶ್. ಇದರ ಜೊತೇಲಿ ನನ್ನ ಒಪ್ಕೋತೀಯಾ?"

ಅವನು ಬಗ್ಗಿ ಆ ಎರಡೂ ಸಾಲುಗಳನ್ನು ಓದಿದ. ‘ತಡವಾಯ್ತು... ತುಂಬಾ ತಡ ಮಾಡಿಬಿಟ್ಟೆ...’

ಅವನು ಜೇಬಿಗೆ ಕೈ ಹಾಕಿದ. ಒಂದು ತುಂಡು ಸೀಮೆಸುಣ್ಣ!

"ಮೇಷ್ಟ್ರಿಗೆ ಇದಕ್ಕೇನು ಬರ ಇಲ್ಲ. ಟೇಪ್ ತಂದಿದ್ದೀಯ ತಾನೇ?"

ಅವಳು ಅಳುತ್ತಲೇ ನಕ್ಕಳು. ಅವನು ಸುಣ್ಣ ಸವರಿ ಟೇಪ್ ಇಳಿಸಿದ. ಪೈಪಿನ ಬಾಯಿಗೆ ಸರಿಯಾಗಿ 35.00 ಹಿಡಿದು ಮೇಲೆಳೆದ. ಇಬ್ಬರ ತಲೆಯೂ ಒಟ್ಟಿಗೆ ಬಗ್ಗಿತು.

"ಒದ್ದೆ ಎಷ್ಟು?"

"2.92."

"ಅಂದ್ರೆ 32.08."

"ಅರವತ್ತೆರಡು ಕಳೀಬೇಕು," ಎಂದಳು. "ಇನ್ಮೇಲೆ ಮರೆಯಲ್ಲ. ಆದ್ರೆ ಇಳಿಸೋಕೆ ಒಬ್ರು, ಓದೋಕೆ ಒಬ್ರು ಬೇಕು... ಪ್ರತಿ ತಿಂಗಳೂ."

"ಎಷ್ಟು ವರ್ಷ ಅಂತ ಬರ್ಕೊಳ್ಲಿ?"

"ಆ ಕಾಲಂ ಖಾಲಿ ಬಿಡು."

ಸುಣ್ಣ ಮೆತ್ತಿದ ಬೆರಳುಗಳು ಅವಳ ಬೆರಳುಗಳನ್ನು ಹಿಡಿದವು. ಅವಳು ಇನ್ನೊಂದು ಕೈಯಿಂದ ಬರೆದಳು. ಕೆಳಗೆ ಇಬ್ಬರೂ ಸಹಿ ಹಾಕಿದರು.

ಗೌನಿಪಲ್ಲಿ ವೀಕ್ಷಣಾ ಬಾವಿ. ನೀರಿನ ಮಟ್ಟ, ನೆಲದಿಂದ 31.46 ಮೀಟರ್.