ಅಜ್ಜಿಯ ಬ್ಯಾಂಡ್, ಗುಬ್ಬಿಯ ಉಸಿರು

"ಅಜ್ಜಿ ಎಲ್ಲಿ? ಬೇಗ ತೋರಿಸಿ! ಆಕ್ಸಿಜನ್ ಕುಸೀತಿದೆ!"

ಬಾಗಿಲಲ್ಲಿ ತಲೆಯಿಂದ ಕಾಲಿನವರೆಗೂ ಬಿಳಿ ಸೂಟು ತೊಟ್ಟ ಡಾಕ್ಟರ್. ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ... ಅವುಗಳಲ್ಲಿ ಅದೆಷ್ಟು ಗಾಬರಿ!

"ಇಲ್ಲೇ ಇದ್ದೀನಪ್ಪ," ಅಜ್ಜಿ ಸೌಟು ಹಿಡಿದೇ ಅಡುಗೆಮನೆಯಿಂದ ಬಂದರು. "ಜ್ವರ ಬಿಟ್ಟು ಬಾಯಿರುಚಿನೂ ಬಂತು. ನಿನಗೇ ಏದುಸಿರು ಬರ್ತಿದೆಯಲ್ಲೋ!"

ಮೊಮ್ಮಗಳಿಗೆ ನಗು ಬಂತು. ಆನ್‌ಲೈನಲ್ಲಿ ಮಕ್ಕಳಿಗೆ ಪಾಠ ಹೇಳುವ ಟೀಚರ್ ಅವಳು. ಅಜ್ಜಿಗೆ ಮಾತ್ರ ಇನ್ನೂ 'ಗುಬ್ಬಿ'.

"ಮೊದಲು ನಿಮ್ಮ ಎಐಗೆ ಔಷಧಿ ಕೊಡಿ ಡಾಕ್ಟ್ರೇ!"

ಅವನು ನಗಲಿಲ್ಲ. ಮನೆಯಲ್ಲೇ ಉಳಿದ ಸೋಂಕಿತರ ಕೈಗೆ ಕಟ್ಟಿದ ಬ್ಯಾಂಡುಗಳು ಕಳಿಸುವ ಅಂಕಿಗಳನ್ನು ಆಸ್ಪತ್ರೆಯ ಎಐ ಹಗಲಿರುಳೂ ಕಾಯುತ್ತಿತ್ತು. ಅಪಾಯ ಕಂಡರೆ ಎಚ್ಚರಿಸುತ್ತಿತ್ತು. ಕೈ ಯಾರದೆಂದು ಮಾತ್ರ ಅದಕ್ಕೆ ಗೊತ್ತಿರಲಿಲ್ಲ.

"ಅಜ್ಜಿ, ನಿಮ್ಮ ಬ್ಯಾಂಡ್ ಎಲ್ಲಿ?"

ಗುಬ್ಬಿ ಅಂಗಿಯ ತೋಳನ್ನು ಮೆಲ್ಲಗೆ ಕೆಳಗೆಳೆದುಕೊಂಡಳು. ತುರಿಸುತ್ತದೆಂದು ಅಜ್ಜಿ ಅದನ್ನು ಕಿತ್ತಿಡುತ್ತಿದ್ದರು. ಖಾಲಿ ಬಿಟ್ಟರೆ ಅದು ಕೂಗಿ ಕೂಗಿ ಪಾಠ ಕೆಡಿಸುತ್ತಿತ್ತು. ಅದಕ್ಕೇ ಬೆಳಿಗ್ಗೆ ಅದನ್ನು ತನ್ನ ಕೈಗೇ ಕಟ್ಟಿಕೊಂಡಿದ್ದಳು.

'ನನಗೇನಾಗಿದೆ? ಮಾತಾಡಿ ಮಾತಾಡಿ ಸುಸ್ತು, ಅಷ್ಟೇ...'

"ಸ್ನಾನಕ್ಕೆ... ತೆಗೆದಿಟ್ರು." ಅಷ್ಟು ಹೇಳಲು ಎರಡು ಸಲ ಉಸಿರೆಳೆದಳು.

ಅವನು ಅದನ್ನು ಗಮನಿಸಿದ!

"ಅಂಗಿಯ ತೋಳು ಸರಿಸಿ."

ಎದುರಿನ ಗೋಡೆ ವಾಲಿದಂತಾಯಿತು. ಕಣ್ಣಿಗೆ ಕತ್ತಲೆ ಕವಿಯುವ ಮೊದಲು ಅವಳಿಗೆ ಕಂಡದ್ದು ಆ ಕಣ್ಣುಗಳು...

ಅಜ್ಜಿಯ ಸೋಂಕು ಅವಳಿಗೂ ತಗುಲಿತ್ತು. ಆಸ್ಪತ್ರೆಯಲ್ಲಿ ಮುಂದಿನ ದಿನಗಳು ಮಂಜಿನೊಳಗಿನ ದೋಣಿಯಂತೆ ತೇಲಿದವು. ಬಿಳಿ ಪರದೆಗಳು, ಆಕ್ಸಿಜನ್ನಿನ ಸುಯ್ಯೆನ್ನುವ ಸದ್ದು... ಅವನು ಬರುತ್ತಿದ್ದ, ಅಂಕಿ ನೋಡುತ್ತಿದ್ದ, ಮಾತಿಲ್ಲದೆ ಹೋಗುತ್ತಿದ್ದ. ಅವನು ಹೋದ ಮೇಲೂ ಆ ಕಣ್ಣುಗಳು ಅವಳ ಕನಸಿನ ಅಂಚಲ್ಲಿ ಕೂತಿರುತ್ತಿದ್ದವು.

'ನನ್ನನ್ನ ಸುಳ್ಳುಬುರುಕಿ ಅಂದ್ಕೊಂಡಿದ್ದಾನೆ. ಮನೆಗೆ ಹೋದ್ಮೇಲೆ ಆ ಕಣ್ಣು ಮತ್ತೆ ಸಿಗಲ್ಲ...'

ಹೊರಡುವ ದಿನ, ಆಸ್ಪತ್ರೆಯ ತೋಟದಲ್ಲಿ ಸೂಟಿಲ್ಲದ, ಮಾಸ್ಕಿಲ್ಲದ ಯುವಕನೊಬ್ಬ ಎದುರು ನಿಂತ. ಮುಖ ಹೊಸದು. ಕಣ್ಣು ಮಾತ್ರ...

"ನನ್ಮೇಲೆ ಕೋಪಾನಾ?" ಅವಳೇ ಕೇಳಿದಳು.

"ಭಯ. ಅವತ್ತು ನಿಮ್ಮ ಮಾತು ನಂಬಿ ವಾಪಸ್ ಹೋಗಿದ್ರೆ? ಅದನ್ನ ನೆನೆದ್ರೆ ನಿಮ್ಮೆದುರು ಮಾತೇ ಹೊರಡ್ತಿರ್ಲಿಲ್ಲ."

ಅವಳು ತೋಳು ಸರಿಸಿ ಬರಿಗೈ ಚಾಚಿದಳು. ಅವನ ಬೆರಳುಗಳು ನಾಡಿಯ ಮೇಲೆ ಹಗುರವಾಗಿ ಕೂತವು.

"ಇದು ಯಾರ ನಾಡಿ?"

"ನಂದೇ. ನಿಮ್ಮ ಹತ್ರ ಇನ್ನು ಸುಳ್ಳು ಹೇಳಲ್ಲ."

"ದಿನಾ ಹೀಗೇ ನೋಡ್ಬೇಕು ಅನ್ಸುತ್ತೆ... ಜೀವನಪೂರ್ತಿ. ಅಜ್ಜಿ ಒಪ್ತಾರಾ?"

"ಬಂದು ಕೇಳಿ. ಸೌಟು ಹಿಡ್ಕೊಂಡಿರ್ತಾರೆ, ಹುಷಾರು!"

"ನೀವು?"

ಅವಳು ಕೈ ಹಿಂದೆ ತೆಗೆದುಕೊಳ್ಳಲಿಲ್ಲ.